ಎಂಬತ್ತೇಳರಲ್ಲೊಂದು ಪಾಲಿನ ಊರು

ಒಂದು ಅಡಿಗೆ ಮೂರೂವರೆ ಮಿಲಿಮೀಟರ್. ಜಗತ್ತಿನಲ್ಲಿ ಮಾಡೆಲ್ ರೈಲು ಕಟ್ಟುವವರು ಅತಿ ಹೆಚ್ಚಾಗಿ ನೆಚ್ಚಿಕೊಂಡಿರುವ ಅಳತೆ ಇದು. ಅಡಿ ಒಂದು ಪದ್ಧತಿಯದು, ಮಿಲಿಮೀಟರ್ ಇನ್ನೊಂದರದು. ಇವೆರಡನ್ನೂ ಒಂದೇ ನೊಗಕ್ಕೆ ಹೂಡಿದ ಪುಣ್ಯಾತ್ಮರು ಯಾರೋ, ಲೆಕ್ಕ ಮಾತ್ರ ಅಡ್ಡಾದಿಡ್ಡಿಯಾಗಿ ಉಳಿದುಬಿಟ್ಟಿತು. 304.8ನ್ನು 3.5ರಿಂದ ಭಾಗಿಸಿದರೆ 87.1 ಬರುತ್ತದೆ. ಅಂದರೆ ನಿಜವಾದ ವಸ್ತುವಿನ ಎಂಬತ್ತೇಳರಲ್ಲಿ ಒಂದು ಪಾಲು. ಇದಕ್ಕೂ ಹಿಂದೆ ಚಾಲ್ತಿಯಲ್ಲಿದ್ದ ಓ ಸ್ಕೇಲಿನ ಅರ್ಧವಾದ್ದರಿಂದ ಇದು ಎಚ್‌ಒ ಸ್ಕೇಲ್. 1435 ಮಿಲಿಮೀಟರ್ ಅಗಲದ ಸ್ಟ್ಯಾಂಡರ್ಡ್ ಗೇಜ್ ಹಳಿ ಇಲ್ಲಿ 16.5 ಮಿಲಿಮೀಟರ್ ಆಗುತ್ತದೆ.

ಬ್ರಿಟಿಷರು ಇಲ್ಲಿಯೂ ತಮ್ಮದೇ ದಾರಿ ಹಿಡಿದರು. ಅವರ ದೇಶದ ಎಂಜಿನ್‌ಗಳ ಮೈ ಕಿರಿದು. ಎಂಬತ್ತೇಳರಲ್ಲಿ ಒಂದು ಪಾಲಿಗೆ ಇಳಿಸಿದರೆ ಆ ಕಾಲದ ಮೋಟರ್ ಒಳಗೆ ಹಿಡಿಸುತ್ತಿರಲಿಲ್ಲ. ಹಾಗಾಗಿ ಎಂಜಿನ್ನಿನ ಮೈಯನ್ನು ಅಡಿಗೆ 4 ಮಿಲಿಮೀಟರಿನಂತೆ ಹಿಗ್ಗಿಸಿ, ಹಳಿಯನ್ನು ಮಾತ್ರ ಹಳೆಯ 16.5 ಮಿಲಿಮೀಟರಿನಲ್ಲೇ ಬಿಟ್ಟರು. ಈ ಓಓ ಸ್ಕೇಲಿನಲ್ಲಿ ಇಂದಿಗೂ 4 ಅಡಿ ಎಂಟೂವರೆ ಇಂಚಿನ ಹಳಿ 4 ಅಡಿ ಒಂದೂವರೆ ಇಂಚಿನಷ್ಟೇ ಅಗಲವಿದೆ. ದೊಡ್ಡ ಮೈ, ಚಿಕ್ಕ ಪಾದ. ಕೋಟ್ಯಂತರ ರೂಪಾಯಿಯ ಉದ್ಯಮವೊಂದು ಈ ತಪ್ಪಿನ ಮೇಲೆಯೇ ಹಾಯಾಗಿ ಓಡುತ್ತಿದೆ.

ಎಂಜಿನ್ನಿನ ಕತೆ ಇಲ್ಲಿಗೆ ಸಾಕು. ಈ ಅಧ್ಯಾಯ ಹಳಿಯ ಪಕ್ಕದಲ್ಲಿ ನಿಲ್ಲುವ ಕಟ್ಟಡಗಳದ್ದು: ಸ್ಟೇಷನ್, ಸಿಗ್ನಲ್ ಕ್ಯಾಬಿನ್, ಗೋದಾಮು, ಗಿರಣಿ, ನೀರಿನ ತೊಟ್ಟಿ, ಸಾಲುಮನೆ. ಮೇಜಿನ ಮೇಲೆ ಬರೀ ರೈಲು ಓಡುತ್ತಿದ್ದರೆ ಅದು ಆಟಿಕೆ. ಪಕ್ಕದಲ್ಲಿ 24 ಮಿಲಿಮೀಟರ್ ಎತ್ತರದ ಒಂದು ಬಾಗಿಲಿಟ್ಟು ನೋಡಿ. ಏಳಡಿ ಬಾಗಿಲು ಅದು, ಅದರೊಳಗಿಂದ ಮನುಷ್ಯ ಬರಬೇಕು ಎಂದು ಮನಸ್ಸು ತಾನೇ ಅಂದುಕೊಳ್ಳುತ್ತದೆ. ಅಲ್ಲಿಂದಾಚೆಗೆ ರೈಲಿನ ಗಾತ್ರವನ್ನು ಕಣ್ಣು ಆ ಬಾಗಿಲಿನಿಂದಲೇ ಅಳೆಯತೊಡಗುತ್ತದೆ. ಹವ್ಯಾಸಿಗಳಲ್ಲಿ ಎಂಜಿನ್ ಕೊಳ್ಳುವುದರಿಂದ ಶುರುಮಾಡಿ, ಕೊನೆಗೆ ಕಟ್ಟಡದ ಕಿಟ್‌ಗಳಲ್ಲೇ ಮುಳುಗಿಹೋದವರು ಬಹಳ ಮಂದಿ.

ಕಿಟ್ ಎಂದರೆ ಒಂದು ಪೆಟ್ಟಿಗೆ. ಒಳಗೆ ಬಿಡಿ ಗೋಡೆಗಳು, ಕಿಟಕಿಗಳು, ಮಾಡು, ಚಿಮಣಿ, ಜೋಡಿಸುವ ಕ್ರಮ ಹೇಳುವ ಒಂದು ಹಾಳೆ. ಎರಡನೇ ಮಹಾಯುದ್ಧಕ್ಕೂ ಮುಂಚೆ ಕಟ್ಟಡ ಬೇಕೆಂದವರು ಒಂದೋ ಬಣ್ಣದ ತಗಡಿನ ಸಿದ್ಧ ಸ್ಟೇಷನ್ ಕೊಳ್ಳಬೇಕಿತ್ತು, ಇಲ್ಲವೇ ಮರ, ರಟ್ಟು, ಕಾಗದ ಕತ್ತರಿಸಿ ತಾವೇ ಕಟ್ಟಿಕೊಳ್ಳಬೇಕಿತ್ತು. ಯುದ್ಧ ಮುಗಿದ ಮರುವರ್ಷ, 1946ರಲ್ಲಿ, ಜರ್ಮನಿಯ ಬ್ಲ್ಯಾಕ್ ಫಾರೆಸ್ಟ್ ಸೀಮೆಯ ಗ್ಯೂಟನ್‌ಬಾಖ್ ಎಂಬ ಹಳ್ಳಿಯಲ್ಲಿ ಎಡ್ವಿನ್ ಮತ್ತು ಹರ್ಮನ್ ಫಾಲರ್ ಎಂಬ ಅಣ್ಣತಮ್ಮಂದಿರು ಒಂದು ಕಂಪನಿ ತೆರೆದರು. ಗಡಿಯಾರ ಮಾಡಿ ಬದುಕುತ್ತಿದ್ದ ಸೀಮೆ ಅದು. ಸಣ್ಣ ಭಾಗಗಳನ್ನು ನಯವಾಗಿ ಕೂಡಿಸುವ ಕೈಗಳಿಗೆ ಅಲ್ಲಿ ಬರವಿರಲಿಲ್ಲ. ಬಾಂಬಿಗೆ ಸಿಕ್ಕಿ ನೆಲಸಮವಾದ ಊರುಗಳ ದೇಶದಲ್ಲಿ ಪುಟಾಣಿ ಮನೆಗಳ ವ್ಯಾಪಾರ ಕುದುರಿದ್ದರ ಹಿಂದೆ ಆಟಕ್ಕಿಂತ ಹೆಚ್ಚಿನದೇನೋ ಇತ್ತು ಎಂದು ನನಗನ್ನಿಸುತ್ತದೆ. ಅದೇ ಹೊತ್ತಿಗೆ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಬಾಕ್‌ಮನ್ ಕಂಪನಿ ‘ಪ್ಲಾಸ್ಟಿಕ್‌ವಿಲ್’ ಹೆಸರಿನಲ್ಲಿ ಅಂಟೇ ಬೇಡದ, ಚಟಕ್ಕೆಂದು ಕೂಡಿಕೊಳ್ಳುವ ಮನೆಗಳನ್ನು ಮಾರತೊಡಗಿತು. ಕ್ರಿಸ್‌ಮಸ್ ಮರದ ಬುಡದಲ್ಲಿ ಸುತ್ತುವ ರೈಲಿಗೆ ಊರು ಬೇಕಿತ್ತು, ಊರು ಸಿಕ್ಕಿತು.

ಇದೆಲ್ಲ ಸಾಧ್ಯವಾದದ್ದು ಪಾಲಿಸ್ಟೈರೀನ್ ಎಂಬ ಪ್ಲಾಸ್ಟಿಕ್ಕಿನಿಂದ. ಸುಮಾರು 100 ಡಿಗ್ರಿ ಸೆಲ್ಸಿಯಸ್ ದಾಟಿದರೆ ಅದು ಮೆತ್ತಗಾಗುತ್ತದೆ, 200 ದಾಟಿದರೆ ಹರಿಯುತ್ತದೆ. ಆಗ ಅದನ್ನು ವಾತಾವರಣದ ನೂರಾರು ಪಟ್ಟು ಒತ್ತಡದಲ್ಲಿ ಉಕ್ಕಿನ ಅಚ್ಚಿನೊಳಗೆ ತಳ್ಳುತ್ತಾರೆ. ಕೆಲವೇ ಸೆಕೆಂಡುಗಳಲ್ಲಿ ಗಟ್ಟಿಯಾಗುತ್ತದೆ. ಆರುವಾಗ ಕುಗ್ಗುವುದು ನೂರಕ್ಕೆ ಅರ್ಧದ ಆಸುಪಾಸು. ಕುಗ್ಗುವಿಕೆ ಇಷ್ಟು ಕಡಿಮೆ ಇರುವುದರಿಂದಲೇ ಇಟ್ಟಿಗೆ ಇಟ್ಟಿಗೆಯೂ ಎದ್ದು ಕಾಣುವ ಗೋಡೆ ಅಚ್ಚಿನಿಂದ ಸೊಟ್ಟಗಾಗದೆ ಹೊರಬರುತ್ತದೆ.

ಆದರೆ ಅಚ್ಚಿಗೆ ಒಂದು ಹಟವಿದೆ. ಅದರ ಎರಡು ಹೋಳುಗಳು ನೇರವಾಗಿ ಬೇರ್ಪಡಬೇಕು. ಯಾವ ಭಾಗವೂ ಕೊಕ್ಕೆಯಂತೆ ಒಳಕ್ಕೆ ಬಾಗಿ ಸಿಕ್ಕಿಕೊಳ್ಳಬಾರದು. ಆದ್ದರಿಂದ ಮನೆಯನ್ನು ಇಡಿಯಾಗಿ ಎರಕ ಹೊಯ್ಯಲು ಆಗುವುದಿಲ್ಲ, ನಾಲ್ಕು ಗೋಡೆಗಳನ್ನು ಚಪ್ಪಟೆಯಾಗಿ ಮಲಗಿಸಿಯೇ ಹೊಯ್ಯಬೇಕು. ಕಿಟಕಿಯ ಚೌಕಟ್ಟು ಗೋಡೆಯಿಂದ ಮುಂದಕ್ಕೆ, ಗಾಜು ಹಿಂದಕ್ಕೆ. ಹಾಗಾಗಿ ಎರಡೂ ಬೇರೆ ಬೇರೆ. ಕಿಟ್ ಬಿಡಿಬಿಡಿಯಾಗಿ ಬರುವುದು ನಮಗೆ ಕಟ್ಟುವ ಸುಖ ಸಿಗಲಿ ಎಂದಲ್ಲ. ಉಕ್ಕಿನ ಅಚ್ಚು ತೆರೆದುಕೊಳ್ಳುವ ರೀತಿಯೇ ಅದು.

ಅಚ್ಚು ಕೊರೆಸುವುದು ದುಬಾರಿ. ಒಮ್ಮೆ ಕೊರೆಸಿದರೆ ಅದರಿಂದ ಸಾವಿರಾರು ಪೆಟ್ಟಿಗೆ ತುಂಬಿಸಲೇಬೇಕು. ಬ್ರಿಟನ್ನಿನ ಏರ್‌ಫಿಕ್ಸ್ ಕಂಪನಿ 1950ರ ದಶಕದ ಕೊನೆಗೆ ಹೊರತಂದ ಹಳಿಪಕ್ಕದ ಕಟ್ಟಡಗಳ ಅಚ್ಚುಗಳು ಕೈ ಬದಲಾಗಿ ಡಾಪೋಲ್ ಕಂಪನಿ ಸೇರಿದವು. ಅವೇ ಕಿಟ್‌ಗಳನ್ನು ಅಜ್ಜ ಕೂಡಿಸಿದ್ದನ್ನು ಮೊಮ್ಮಗನೂ ಕೂಡಿಸಿದ್ದಾನೆ. ಒಂದೇ ಗೋಡೆ ಬೇರೆ ಬಣ್ಣದಲ್ಲಿ, ಬೇರೆ ಹೆಸರಿನಲ್ಲಿ ಮತ್ತೆ ಮತ್ತೆ ಬರುವುದೂ ಉಂಟು. ಹೀಗಾಗಿ ಜಗತ್ತಿನ ಎಷ್ಟೋ ಮೇಜುಗಳ ಮೇಲೆ ಒಂದೇ ಬೇಕರಿ, ಒಂದೇ ಚರ್ಚು. ಈ ಏಕತಾನಕ್ಕೆ ಹವ್ಯಾಸಿಗಳು ಕಂಡುಕೊಂಡ ಮದ್ದು ಕಿಟ್‌ಬ್ಯಾಷಿಂಗ್: ಎರಡು ಕಿಟ್ ತಂದು, ಗೋಡೆಗಳನ್ನು ಗರಗಸದಿಂದ ಕೊಯ್ದು, ಮೂರನೆಯದೇ ಒಂದು ಕಟ್ಟಡ ಎಬ್ಬಿಸುವುದು. ಅಮೆರಿಕದ ಆರ್ಟ್ ಕರ್ರನ್ ಎಂಬವರು ಇದನ್ನೇ ಒಂದು ಶಾಸ್ತ್ರವಾಗಿ ಬೆಳೆಸಿ ಪುಸ್ತಕ ಬರೆದರು.

ಈಗ ಅಂಟಿನ ವಿಷಯ. ಪಾಲಿಸ್ಟೈರೀನ್ ಕೂಡಿಸಲು ಬಳಸುವ ನೀರಿನಂಥ ದ್ರವ ನಿಜಕ್ಕೂ ಅಂಟೇ ಅಲ್ಲ. ಬ್ಯೂಟನೋನ್‌ನಂಥ ದ್ರಾವಕ ಅದು. ಎರಡು ಗೋಡೆಗಳ ಅಂಚುಗಳನ್ನು ಮೊದಲು ಒಣದಾಗಿಯೇ ತಾಗಿಸಿ ಹಿಡಿಯಬೇಕು. ಆಮೇಲೆ ಒಳಮಗ್ಗುಲಿನಿಂದ ಕುಂಚದ ತುದಿಯನ್ನು ಸಂದಿಗೆ ಮುಟ್ಟಿಸಿದರೆ ಸಾಕು, ದ್ರವ ತಾನಾಗಿಯೇ ಸಂದಿನುದ್ದಕ್ಕೂ ಓಡುತ್ತದೆ. ದೀಪದ ಬತ್ತಿ ಎಣ್ಣೆ ಎಳೆಯುವ ಕೇಶಾಕರ್ಷಣೆಯೇ ಇಲ್ಲಿಯೂ ಕೆಲಸ ಮಾಡುತ್ತದೆ. ಸಂದು ಕಿರಿದಾದಷ್ಟೂ ಎಳೆತ ಜೋರು, ಆದ್ದರಿಂದ ಅಂಚುಗಳನ್ನು ಉಜ್ಜಿ ಸಮ ಮಾಡಿದವನಿಗೆ ಅರ್ಧ ಕೆಲಸ ಭೌತಶಾಸ್ತ್ರವೇ ಮಾಡಿಕೊಡುತ್ತದೆ. ಒಳಹೊಕ್ಕ ದ್ರಾವಕ ಎರಡೂ ಅಂಚಿನ ಪ್ಲಾಸ್ಟಿಕ್ಕನ್ನು ಸಡಿಲಿಸುತ್ತದೆ. ಈ ಕಡೆಯ ಉದ್ದನೆಯ ಅಣುಸರಪಳಿಗಳು ಆ ಕಡೆಯವುಗಳ ನಡುವೆ ನುಸುಳಿ ಹೆಣೆದುಕೊಳ್ಳುತ್ತವೆ. ದ್ರಾವಕ ಆವಿಯಾಗಿ ಹೋಗುತ್ತದೆ. ಕೊನೆಗೆ ಅಲ್ಲಿ ಅಂಟೂ ಇಲ್ಲ, ಸಂದೂ ಇಲ್ಲ. ಎರಡು ಗೋಡೆ ಒಂದೇ ಗೋಡೆಯಾಗಿದೆ. ಇದನ್ನು ಬೆಸುಗೆ ಅನ್ನುವುದೇ ಸರಿ.

ಸೂಪರ್ ಗ್ಲೂ ಎಂದು ನಾವು ಕರೆಯುವ ಸಯನೋಅಕ್ರಿಲೇಟ್ ನಡೆಯುವ ದಾರಿಯೇ ಬೇರೆ. ಗಾಳಿಯಲ್ಲಿನ ತೇವ ತಾಗಿದೊಡನೆ ಅದರ ಸಣ್ಣ ಅಣುಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡು ಗಟ್ಟಿಯಾಗುತ್ತವೆ. ಲೋಹ, ಮರ, ರಾಳದ ಭಾಗಗಳಿಗೆ ಅದು ಒಳ್ಳೆಯದು. ಕಿಟಕಿಗೆ ಮಾತ್ರ ಬೇಡ. ಅದರ ಆವಿ ಪಕ್ಕದ ಪಾರದರ್ಶಕ ಹಾಳೆಯ ಮೇಲೆ ಕೂತು ಅಲ್ಲಿಯೇ ಗಟ್ಟಿಯಾಗಿ ಬಿಳಿ ಮಬ್ಬು ಬಿಡುತ್ತದೆ, ಒರೆಸಿದರೆ ಹೋಗುವುದಿಲ್ಲ. ಕಿಟಕಿಗೆ ಫೆವಿಕಾಲ್ ಬಗೆಯ ಬಿಳಿ ಅಂಟು ಸಾಕು. ಅದರಲ್ಲಿ ನೀರು ಆರಿ ಹೋಗುತ್ತದೆಯೇ ವಿನಾ ಬೇರೆ ತಂಟೆ ಇಲ್ಲ.

ಇಷ್ಟಾದ ಮೇಲೆ ಎದ್ದು ನಿಂತ ಕಟ್ಟಡ ನಿಜವಾದ ಕಟ್ಟಡದ ಕುಗ್ಗಿದ ರೂಪವೇ? ನೋಡಲು ಹೌದು. ಭೌತಶಾಸ್ತ್ರದ ಲೆಕ್ಕಕ್ಕೆ ಅಲ್ಲವೇ ಅಲ್ಲ. ಅಳತೆ ಕುಗ್ಗಿಸುವುದು ನಮ್ಮ ಕೈಯಲ್ಲಿದೆ. ಅದರ ಜೊತೆಗೆ ಪ್ರಕೃತಿಯ ನಿಯಮಗಳು ಕುಗ್ಗುವುದಿಲ್ಲ. ಕಟ್ಟುವವನ ಕಸುಬೆಲ್ಲ ಈ ಎರಡರ ನಡುವಿನ ಕಂದಕವನ್ನು ಮರೆಮಾಚುವುದರಲ್ಲಿದೆ.

ಗೆಲಿಲಿಯೋ 1638ರಲ್ಲಿ ಪ್ರಕಟಿಸಿದ ತನ್ನ ಕೊನೆಯ ಗ್ರಂಥದಲ್ಲಿ ಇದರ ಮೂಲಸೂತ್ರ ಬಿಡಿಸಿಟ್ಟಿದ್ದ. ಉದ್ದವನ್ನು 87 ಪಾಲು ಮಾಡಿದರೆ ತೊಲೆಯ ಅಡ್ಡಕೊಯ್ತದ ವಿಸ್ತೀರ್ಣ 7,569 ಪಾಲು ಕುಗ್ಗುತ್ತದೆ. ಗಾತ್ರ, ಅದರೊಂದಿಗೆ ತೂಕ, 6,58,503 ಪಾಲು. ಹೊರುವ ಶಕ್ತಿ ವಿಸ್ತೀರ್ಣವನ್ನು ಅವಲಂಬಿಸಿದೆ, ಹೊರಬೇಕಾದ ಭಾರ ಗಾತ್ರವನ್ನು. ಆದ್ದರಿಂದ ಅದೇ ವಸ್ತುವಿನಿಂದ ಕಟ್ಟಿದ ಪುಟ್ಟ ಮನೆಯ ತೊಲೆಗೆ ತನ್ನ ಭಾರದಿಂದಲೇ ಬೀಳುವ ಒತ್ತಡ ನಿಜವಾದ ಮನೆಯದಕ್ಕಿಂತ 87 ಪಟ್ಟು ಕಡಿಮೆ. ಎಂಜಿನ್ ಶೆಡ್ಡಿನ ಅಗಲವಾದ ಮಾಡನ್ನು ಒಂದೇ ಒಂದು ತೆಳು ಹಾಳೆ ಹೊರಬಲ್ಲದು. ಕೆಳಗೆ ಮರದ ಕಡ್ಡಿಗಳಿಂದ ಹೆಣೆದ ಜಂತಿ, ಕೈಮರಗಳೆಲ್ಲ ಕಣ್ಣಿನ ಸಮಾಧಾನಕ್ಕೆ. ಮೇಜಿನಿಂದ ಕೈತಪ್ಪಿ ಬಿದ್ದ ಸ್ಟೇಷನ್ನು ತನ್ನ ಅಳತೆಯಲ್ಲಿ 65 ಮೀಟರ್ ಎತ್ತರದಿಂದ ಬಿದ್ದಿರುತ್ತದೆ, ಒಂದು ಚಿಮಣಿ ಮುರಿದುಕೊಂಡು ಎದ್ದು ಕೂರುತ್ತದೆ.

ನೀರು ಇನ್ನೂ ಹಟಮಾರಿ. ಹನಿಯ ಗಾತ್ರ ತೀರ್ಮಾನವಾಗುವುದು ನೀರಿನ ಮೇಲ್ಮೈ ಎಳೆತ ಮತ್ತು ಭೂಮಿಯ ಗುರುತ್ವಗಳ ಜಗಳದಲ್ಲಿ. ನಮ್ಮ ಸ್ಕೇಲಿನ ಗೊಡವೆ ಅದಕ್ಕಿಲ್ಲ. ಐದು ಮಿಲಿಮೀಟರಿನ ಹನಿ ಎಚ್‌ಒ ಊರಿನ ಸೂರಿನಿಂದ ಇಳಿದರೆ ಅಲ್ಲಿನವರ ತಲೆಯ ಮೇಲೆ ದೊಡ್ಡ ಬೂದುಗುಂಬಳ ಬಿದ್ದಂತೆ. ಹಾಗಾಗಿ ಮಾಡೆಲ್ ಊರಿನ ಹೊಳೆ, ಕೆರೆ ಎಲ್ಲವೂ ಪಾರದರ್ಶಕ ರಾಳ. ನೀರಿನ ಗಿರಣಿಯ ಕಿಟ್ ತಂದು ಚಕ್ರಕ್ಕೆ ನಿಜವಾದ ನೀರು ಬಿಟ್ಟವರಿಗೆ ಇನ್ನೊಂದು ನಿರಾಸೆಯೂ ಕಾದಿರುತ್ತದೆ. ಐದು ಮೀಟರ್ ಎತ್ತರದಿಂದ ಬೀಳಲು ನೀರಿಗೆ ಒಂದು ಸೆಕೆಂಡು ಬೇಕು. ಅದರ ಎಂಬತ್ತೇಳರಲ್ಲೊಂದು ಪಾಲು ಎತ್ತರದಿಂದ ಬೀಳಲು ಸೆಕೆಂಡಿನ ಹತ್ತನೇ ಒಂದು ಭಾಗ. ಬೀಳುವ ಕಾಲ ಎತ್ತರದ ವರ್ಗಮೂಲದಂತೆ ಕುಗ್ಗುವುದರಿಂದ ಎಲ್ಲವೂ ಒಂಬತ್ತು ಪಟ್ಟು ಅವಸರದಲ್ಲಿ ನಡೆದಂತೆ ಕಾಣುತ್ತದೆ. ಹಳೆಯ ಸಿನಿಮಾಗಳಲ್ಲಿ ಪುಟಾಣಿ ಅಣೆಕಟ್ಟು ಒಡೆಯುವ ದೃಶ್ಯವನ್ನು ಕ್ಯಾಮೆರಾ ವೇಗ ಹೆಚ್ಚಿಸಿ ಚಿತ್ರಿಸುತ್ತಿದ್ದದ್ದು ಇದಕ್ಕೇ.

ದಪ್ಪದ ಲೆಕ್ಕದಲ್ಲಿ ಇಟ್ಟಿಗೆ ಗೋಡೆ ಬಚಾವು. ಒಂಬತ್ತಿಂಚಿನ ಗೋಡೆ ಎಚ್‌ಒದಲ್ಲಿ 2.6 ಮಿಲಿಮೀಟರ್, ಪ್ಲಾಸ್ಟಿಕ್ಕಿಗೆ ಇದೇನೂ ಕಷ್ಟವಲ್ಲ. ಪಾಡು ಪಡಬೇಕಾದದ್ದು ತಗಡಿನ ಮಾಡಿಗೆ. ಅರ್ಧ ಮಿಲಿಮೀಟರಿನ ಜಿಂಕ್ ಶೀಟು ಒಂದು ಮಿಲಿಮೀಟರಿನ ಸಾವಿರದಲ್ಲಿ ಆರು ಭಾಗಕ್ಕೆ ಇಳಿಯಬೇಕು. ಅಡುಗೆಮನೆಯ ಅಲ್ಯೂಮಿನಿಯಂ ಹಾಳೆಯೂ ಅದರ ಮುಂದೆ ದಪ್ಪವೇ. ಆದರೂ ಅಮೆರಿಕದ ಕ್ಯಾಂಪ್‌ಬೆಲ್ ಕಂಪನಿಯವರು ಮಾರುತ್ತಿದ್ದ, ಅಲೆಯಲೆಯಾಗಿ ಒತ್ತಿದ ಅಲ್ಯೂಮಿನಿಯಂ ಹಾಳೆ ನೋಡಿದವರು ಪ್ಲಾಸ್ಟಿಕ್ ಮಾಡಿನತ್ತ ತಿರುಗಿ ನೋಡುವುದಿಲ್ಲ. ಪ್ಲಾಸ್ಟಿಕ್ ಮಾಡೇ ಗತಿಯಾದರೆ ಅದರ ಅಂಚನ್ನಷ್ಟೇ ಅಡಿಯಿಂದ ಅರದಿಂದ ಉಜ್ಜಿ ತೆಳ್ಳಗೆ ಮಾಡುತ್ತಾರೆ. ದಪ್ಪ ಕಾಣುವುದು ಅಂಚಿನಲ್ಲಿ ಮಾತ್ರ, ಉಳಿದದ್ದನ್ನು ಯಾರು ಕೇಳುತ್ತಾರೆ?

ಕಣ್ಣಿನ ಮಿತಿಯೂ ಇಲ್ಲಿ ನೆರವಿಗೆ ಬರುತ್ತದೆ. ಆರೋಗ್ಯವಂತ ಕಣ್ಣು ಬಿಡಿಸಿ ನೋಡಬಲ್ಲ ಅತಿ ಕಿರಿಯ ಕೋನ ಒಂದು ಡಿಗ್ರಿಯ ಅರುವತ್ತನೇ ಒಂದು ಭಾಗ. 30 ಸೆಂಟಿಮೀಟರ್ ದೂರದಲ್ಲಿ ಇದು 0.09 ಮಿಲಿಮೀಟರ್. ಇಟ್ಟಿಗೆಗಳ ನಡುವಿನ ಹತ್ತು ಮಿಲಿಮೀಟರಿನ ಗಾರೆ ಎಚ್‌ಒದಲ್ಲಿ 0.11 ಮಿಲಿಮೀಟರ್ ಆಗುತ್ತದೆ. ಬಗ್ಗಿ ನೋಡಿದರೆ ಕಂಡೂ ಕಾಣದಷ್ಟು. ಒಂದು ಮೀಟರ್ ಹಿಂದೆ ಸರಿದರೆ ಗಾರೆಯ ಗೆರೆ ಮಾಯವಾಗಿ, ಗೋಡೆಯ ಕೆಂಪು ತುಸು ಪೇಲವವಾದಂತೆ ಮಾತ್ರ ತೋರುತ್ತದೆ. ಆದ್ದರಿಂದ ಗಾರೆಗೆ ಬೆಳ್ಳಗೆ ಎದ್ದು ಕಾಣುವ ಬಣ್ಣ ತುಂಬುವುದು ತಪ್ಪು. ಎಷ್ಟೋ ದುಬಾರಿ ಮಾಡೆಲ್‌ಗಳು ಆಟಿಕೆಯಂತೆ ಕಾಣುವುದು ಇದೊಂದರಿಂದಲೇ. ಗೋಡೆಯ ಬಣ್ಣಕ್ಕೂ ಒಂದಿಷ್ಟು ಬಿಳಿ ಬೆರೆಸುವುದು ವಾಡಿಕೆ. 30 ಸೆಂಟಿಮೀಟರ್ ದೂರದಿಂದ ಪುಟ್ಟ ಮನೆ ನೋಡುವವನು ಆ ಊರಿನ ಲೆಕ್ಕದಲ್ಲಿ 26 ಮೀಟರ್ ಆಚೆ ನಿಂತಿದ್ದಾನೆ. ಅಷ್ಟು ದೂರದ ಗಾಳಿ, ಧೂಳು, ಬೆಳಕಿನ ಚೆದರುವಿಕೆಯನ್ನು ಬಣ್ಣದಲ್ಲೇ ತುಂಬಿಕೊಡಬೇಕು.

ಬೆಳಕಿನ ಒಂದು ಉಪದ್ರವ ಹೊಸಬರಿಗೆ ತಡವಾಗಿ ತಿಳಿಯುತ್ತದೆ. ಪಾಲಿಸ್ಟೈರೀನ್ ಬೆಳಕನ್ನು ಪೂರ್ತಿ ತಡೆಯುವುದಿಲ್ಲ. ಮನೆಯೊಳಗೆ ಎಲ್‌ಇಡಿ ಹಚ್ಚಿದರೆ ಕಿಟಕಿಯ ಬದಲು ಗೋಡೆಗೆ ಗೋಡೆಯೇ ಬೆಳಗುತ್ತದೆ. ಜೋಡಿಸುವ ಮೊದಲೇ ಒಳಮೈಗೆ ಕಪ್ಪು ಬಣ್ಣ ಬಳಿಯಬೇಕು.

ಇನ್ನು ಕುಗ್ಗಿಸಿದರೂ ಮೇಜಿಗೆ ಹಿಡಿಸದ ಕಟ್ಟಡಗಳಿವೆ. 2023ರಲ್ಲಿ ಉದ್ಘಾಟನೆಯಾದ ಹುಬ್ಬಳ್ಳಿಯ 1,507 ಮೀಟರ್ ಪ್ಲಾಟ್‌ಫಾರ್ಮು ಎಚ್‌ಒದಲ್ಲಿ 17 ಮೀಟರಿಗೂ ಮೀರುತ್ತದೆ. ಕಲ್ಯಾಣಮಂಟಪ ಬಾಡಿಗೆಗೆ ಹಿಡಿಯಬೇಕು. ಉಕ್ಕಿನ ಕಾರ್ಖಾನೆ, ಬಟ್ಟೆ ಗಿರಣಿಗಳ ಪಾಡೂ ಅದೇ. ಹಾಗಾಗಿ ಹದಿನೈದು ಕಿಟಕಿಯ ಕಟ್ಟಡಕ್ಕೆ ಏಳು ಕಿಟಕಿ ಇಡುತ್ತಾರೆ. ಕಿಟಕಿಯ ಅಳತೆಯನ್ನು ಮಾತ್ರ ಮುಟ್ಟುವುದಿಲ್ಲ. ಬಾಗಿಲು, ಮೆಟ್ಟಿಲು, ಕಟಕಟೆಗಳು ಮನುಷ್ಯನ ಮೈಗೆ ಹೊಂದಿಕೊಂಡೇ ಇರಬೇಕು, ನಡುವಿನ ಗೋಡೆ ಕಡಿಮೆಯಾದರೆ ಕಣ್ಣು ದೂರು ಕೊಡುವುದಿಲ್ಲ. ಹಿನ್ನೆಲೆಯಲ್ಲಿ ನೂರರವತ್ತರಲ್ಲಿ ಒಂದು ಪಾಲಿನ ಎನ್ ಸ್ಕೇಲ್ ಮನೆಗಳನ್ನಿಟ್ಟು ದೂರದ ಭ್ರಮೆ ಹುಟ್ಟಿಸುವವರಿದ್ದಾರೆ. ಕ್ಯಾಲಿಫೋರ್ನಿಯಾದ ಮಾಂಟೆರೆಯಲ್ಲಿ ‘ಗೋರಿ ಆ್ಯಂಡ್ ಡಿಫೀಟೆಡ್’ ಎಂದು ಓದಬೇಕಾದ ತುಂಟ ಹೆಸರಿನ ರೈಲುಮಾರ್ಗ ಕಟ್ಟಿದ್ದ ಜಾನ್ ಅಲೆನ್ ಕನ್ನಡಿಗಳನ್ನು ಅಡಗಿಸಿಟ್ಟು ಒಂದು ಬೀದಿಯನ್ನು ಎರಡು ಮಾಡುತ್ತಿದ್ದರು. 1973ರ ಜನವರಿಯಲ್ಲಿ ಅವರು ತೀರಿಕೊಂಡ ಕೆಲವೇ ದಿನಗಳಲ್ಲಿ ಬೆಂಕಿ ಬಿದ್ದು ಅದರ ಬಹುಪಾಲು ಸುಟ್ಟುಹೋಯಿತು. ಫೋಟೋಗಳಲ್ಲಿ ನೋಡಿದವರು ಇಂದಿಗೂ ಆ ಕನ್ನಡಿಗಳನ್ನು ಹುಡುಕುತ್ತಾರೆ.

ನನ್ನ ಮಟ್ಟಿಗೆ ಈ ಹವ್ಯಾಸದ ಅತಿ ರಸವತ್ತಾದ ಭಾಗ ಕಟ್ಟಿದ್ದನ್ನು ಹಳತು ಮಾಡುವುದು. ಇಲ್ಲಿ ಕುಂಚಕ್ಕಿಂತ ಮೊದಲು ಬೇಕಾದದ್ದು ಕಟ್ಟಡಗಳು ಹೇಗೆ ಸಾಯುತ್ತವೆ ಎಂಬ ತಿಳಿವಳಿಕೆ. ತಗಡಿನ ಮಾಡು ಎಲ್ಲ ಕಡೆ ಒಂದೇ ಸಮನೆ ತುಕ್ಕು ಹಿಡಿಯುವುದಿಲ್ಲ. ಒಂದು ಶೀಟಿನ ಮೇಲೊಂದು ಹೊದೆಯುವ ಜಾಗದಲ್ಲಿ ಮಳೆನೀರು ಸಿಕ್ಕಿಕೊಂಡು ಆರದೆ ಉಳಿಯುತ್ತದೆ. ಆ ಸಂದಿನೊಳಗೆ ಆಮ್ಲಜನಕ ಕಡಿಮೆ, ಹೊರಗೆ ಹೆಚ್ಚು. ಈ ವ್ಯತ್ಯಾಸವೇ ಒಂದು ಪುಟ್ಟ ವಿದ್ಯುತ್ಕೋಶವಾಗಿ ಒಳಗಿನ ಲೋಹವನ್ನು ತಿನ್ನುತ್ತದೆ. ತುಕ್ಕು ಮೊದಲು ಅಲ್ಲಿ, ಮೊಳೆಯ ಸುತ್ತ, ಆಮೇಲೆ ಕೆಳಕ್ಕೆ ಗೆರೆಗೆರೆಯಾಗಿ. ಇಟ್ಟಿಗೆ ಗೋಡೆ ನೆಲದ ತೇವ ಹೀರುವುದರಿಂದ ಅದರ ಬುಡ ಸದಾ ಕಪ್ಪು. ಕಿಟಕಿಯ ಹಲಗೆಯ ಎರಡು ಮೂಲೆಗಳಿಂದ ಕೊಳೆಯ ಕಣ್ಣೀರು ಇಳಿಯುತ್ತದೆ. ಉಗಿ ಎಂಜಿನ್ ಕಾಲದ ಶೆಡ್ ಆದರೆ ಹೊಗೆಗಂಡಿಯ ಸುತ್ತಲಿನ ಮಾಡು ಮಸಿ. ಇದೆಲ್ಲ ತಿಳಿಯದೆ ಕಂದು ಪುಡಿ ಎರಚಿದರೆ ಅದು ಕೊಳಕು ಮನೆ, ಹಳೆಯ ಮನೆಯಲ್ಲ.

ಮರದ ಕಿಟ್ ಕಟ್ಟುವವರು ಬಣ್ಣದ ಬದಲು ಸ್ಪಿರಿಟ್ಟಿಗೆ ಒಂದಿಷ್ಟು ಕಪ್ಪು ಶಾಯಿ ಬೆರೆಸಿ ಸವರುತ್ತಾರೆ. ಮಳೆ ಬಿಸಿಲಿಗೆ ಬೂದಿಯಾದ ಹಲಗೆಯ ಬಣ್ಣ ಒಂದೇ ಸಲಕ್ಕೆ ಬರುತ್ತದೆ. ನೀರಿನ ಬಣ್ಣವಾದರೆ ಒಂದು ಮಗ್ಗುಲಿನ ನಾರು ಉಬ್ಬಿ, ತೆಳು ಗೋಡೆ ಬಿಲ್ಲಿನಂತೆ ಬಾಗುತ್ತದೆ. ಮರ ಉಬ್ಬುವುದು ನಾರಿನ ಉದ್ದಕ್ಕಲ್ಲ, ಅಡ್ಡಕ್ಕೆ. ಹಾಗಾಗಿಯೇ ಒಳಗಡೆ ನಾರಿಗೆ ಅಡ್ಡಲಾಗಿ ಆಧಾರದ ಕಡ್ಡಿ ಅಂಟಿಸುವುದು.

ಇಂಥ ಮರದ ಕಿಟ್‌ಗಳಿಗೆ ಹೆಸರಾದವರು ಮ್ಯಾಸಚೂಸೆಟ್ಸ್‌ನ ಜಾರ್ಜ್ ಸೆಲಿಯೋಸ್. ಅವರ ‘ಫೈನ್ ಸ್ಕೇಲ್ ಮಿನಿಯೇಚರ್ಸ್’ 1960ರ ದಶಕದಿಂದ ಹೊರತಂದ ಕಿಟ್‌ಗಳಲ್ಲಿ ಅಚ್ಚಿನ ಗೋಡೆಯಿಲ್ಲ. ಮರದ ಎಳೆಗಳು, ರಟ್ಟು, ಬಿಳಿಲೋಹದ ನೂರಾರು ಪುಟ್ಟ ಎರಕಗಳು, ಪುಟಗಟ್ಟಲೆ ಸೂಚನೆ. ಅವರದೇ ‘ಫ್ರಾಂಕ್ಲಿನ್ ಆ್ಯಂಡ್ ಸೌತ್ ಮ್ಯಾಂಚೆಸ್ಟರ್’ ಎಂಬ ಮಾಡೆಲ್ ರೈಲುಮಾರ್ಗ 1930ರ ದಶಕದ ಆರ್ಥಿಕ ಕುಸಿತದ ಊರನ್ನು ಸುಲಿದ ಬಣ್ಣ, ಹರಿದ ಜಾಹೀರಾತುಗಳ ಸಮೇತ ಎಬ್ಬಿಸಿ ನಿಲ್ಲಿಸಿತು. ಕಿಟ್‌ಗಳನ್ನು ಸೀಮಿತ ಸಂಖ್ಯೆಯಲ್ಲಿ ತಯಾರಿಸುತ್ತಿದ್ದುದರಿಂದ ಮುಗಿದವು ಮುಗಿದವೇ. ಇಂದು ಅವುಗಳಿಗೆ ಸಂಗ್ರಾಹಕರು ಕೊಡುವ ಬೆಲೆ ಮೂಲ ಬೆಲೆಯ ಎಷ್ಟೋ ಪಟ್ಟು. ಅದೂ ಪೆಟ್ಟಿಗೆ ತೆರೆಯದಿದ್ದರೆ!

ಸಂಗ್ರಹದ ಈ ತಿರುವು ವಿಚಿತ್ರ. ಕಟ್ಟಲೆಂದೇ ಮಾಡಿದ ವಸ್ತು ಕಟ್ಟದೆ ಉಳಿದರಷ್ಟೇ ಬೆಲೆ. ನನಗೆ ಕಟ್ಟುವವರ ಪಕ್ಷವೇ ಇಷ್ಟ, ಆದರೂ ಸಂಗ್ರಾಹಕರಿಂದ ಒಂದು ದೊಡ್ಡ ಉಪಕಾರವಾಗಿದೆ. ಫಾಲರ್ ಕಂಪನಿ 1960ರ ದಶಕದ ಆರಂಭದಲ್ಲಿ ‘ಟೆಸ್ಸಿನ್‌ನ ವಿಲ್ಲಾ’ ಎಂಬ ಕಿಟ್ ತಂದಿತ್ತು: ಆಲ್ಪ್ಸ್ ಸೀಮೆಯ ಇಳಿಮಾಡಿನ ಮನೆಗಳ ನಡುವೆ ಅಗಲ ಗಾಜಿನ, ನೇರ ಗೆರೆಗಳ ಆಧುನಿಕ ಮನೆ. ಯುದ್ಧಾನಂತರದ ಜರ್ಮನಿ ತನ್ನನ್ನು ಹೇಗೆ ಕಟ್ಟಿಕೊಳ್ಳಲು ಬಯಸಿತ್ತು ಎಂಬುದಕ್ಕೆ ಇಂಥ ಕಿಟ್‌ಗಳು ಸಾಕ್ಷಿ. ಆ ಕಾಲದ ಎಷ್ಟೋ ನಿಜವಾದ ಕಟ್ಟಡಗಳು ನೆಲಕ್ಕುರುಳಿವೆ. 2018ರಲ್ಲಿ ಫ್ರಾಂಕ್‌ಫರ್ಟಿನ ಜರ್ಮನ್ ವಾಸ್ತುಶಿಲ್ಪ ಸಂಗ್ರಹಾಲಯ ಈ ಪುಟಾಣಿ ಆಧುನಿಕ ಕಟ್ಟಡಗಳದ್ದೇ ಒಂದು ಪ್ರದರ್ಶನ ಏರ್ಪಡಿಸಿತು.

ನಮ್ಮ ಕಡೆ ಈ ಸಂಗ್ರಹಕ್ಕೆ ವಸ್ತುವೇ ಕಡಿಮೆ. ಪುಣೆಯ ಕೋತ್ರೂಡ್‌ನಲ್ಲಿರುವ ಜೋಶಿ ಪುಟಾಣಿ ರೈಲು ಸಂಗ್ರಹಾಲಯದಲ್ಲಿ ಎಚ್‌ಒ ಊರೊಂದು ಇಡಿಯಾಗಿ ಕಾಣಸಿಗುತ್ತದೆ. ಆದರೆ ಮಂಗಳೂರು ಹೆಂಚಿನ ಮಲೆನಾಡು ಸ್ಟೇಷನ್ ಬೇಕೆಂದರೆ ಯುರೋಪಿನ ದೊಡ್ಡ ಕಂಪನಿಗಳ ಕ್ಯಾಟಲಾಗ್ ನೆರವಿಗೆ ಬರುವುದಿಲ್ಲ. ಹಾಳೆ, ಸ್ಕೇಲು, ಬ್ಲೇಡು ಹಿಡಿದು ಕೂರಬೇಕು. ನಮ್ಮ 1676 ಮಿಲಿಮೀಟರ್ ಬ್ರಾಡ್‌ಗೇಜ್ ಎಚ್‌ಒದಲ್ಲಿ 19.2 ಮಿಲಿಮೀಟರ್ ಆಗಬೇಕು, ಅಂಗಡಿಯಲ್ಲಿ ಸಿಗುವುದು 16.5. ಬ್ರಿಟಿಷರ ದೊಡ್ಡ ಮೈ, ಚಿಕ್ಕ ಪಾದದ ಪಾಡು ನಮ್ಮದೂ ಹೌದು.

ಅಟ್ಟದ ಮೇಲೆ ಹಳೆಯ ಪೆಟ್ಟಿಗೆ ಇಟ್ಟಿರುವವರಿಗೆ ಒಂದೆರಡು ಮಾತು. ಪಾಲಿಸ್ಟೈರೀನ್ ಬಿಸಿಲಿನ ಅತಿನೇರಳೆಗೆ ಹಳದಿಯಾಗಿ ಪೆಡಸಾಗುತ್ತದೆ. ಕತ್ತಲಲ್ಲಿದ್ದರೆ ದಶಕಗಟ್ಟಲೆ ಹಾಗೆಯೇ ಇರುತ್ತದೆ, ದ್ರಾವಕ ಮುಟ್ಟಿಸಿದರೆ ಹೊಸದರಂತೆಯೇ ಬೆಸೆದುಕೊಳ್ಳುತ್ತದೆ. ಸೀಸ ಬೆರೆತ ಬಿಳಿಲೋಹದ ಎರಕಗಳಿಗೆ ಮಾತ್ರ ಮರ ಮತ್ತು ಅಗ್ಗದ ರಟ್ಟು ಶತ್ರು. ಅವು ಸದ್ದಿಲ್ಲದೆ ಬಿಡುವ ಅಸಿಟಿಕ್ ಆಮ್ಲದ ಆವಿ ಸೀಸವನ್ನು ಬಿಳಿ ಪುಡಿ ಮಾಡಿಬಿಡುತ್ತದೆ. ಬಿಗಿಯಾಗಿ ಮುಚ್ಚಿದಷ್ಟೂ ಆವಿ ಒಳಗೇ ಕೂಡುವುದರಿಂದ ಹಾನಿ ಹೆಚ್ಚು. ಎರಕಗಳನ್ನು ತೆಗೆದು ಬೇರೆ ಪ್ಲಾಸ್ಟಿಕ್ ಡಬ್ಬಿಯಲ್ಲಿಡಿ. ಸುತ್ತಿದ ರಬ್ಬರ್ ಬ್ಯಾಂಡನ್ನು ಇವತ್ತೇ ಕತ್ತರಿಸಿ ಎಸೆಯಿರಿ, ಅದು ಕರಗಿ ಮರಕ್ಕೆ ಮೆತ್ತಿಕೊಂಡರೆ ಬಿಡಿಸಲಾಗದು. ಸೂಚನೆಯ ಹಾಳೆ ಹಳದಿಯಾಗಿ ಮಡಿಕೆಯಲ್ಲಿ ಮುರಿಯುವ ಮುನ್ನ ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ಕಡ್ಡಿ ಕಳೆದರೆ ಬೇರೆ ಕೊಯ್ದುಕೊಳ್ಳಬಹುದು, ಯಾವ ಕಡ್ಡಿ ಎಲ್ಲಿಗೆ ಎಂಬುದು ಆ ಹಾಳೆಗಷ್ಟೇ ಗೊತ್ತು.